ನಾಗಕ್ಕ ಮಾಡಿಸಿಕೊಂಡ ಆಣೆ

ಮಗಳನ್ನು ದೂರದ ಊರಿಗೆ ಕೊಟ್ಟ ತಾಯಿಗೆ ಬಸ್ಸಾದರೂ ಇರುತ್ತದೆ. ಹುಷಾರಿಲ್ಲ ಎಂದು ಸುದ್ದಿ ಬಂದರೆ ಇದ್ದ ಸೀರೆಯಲ್ಲೇ ಹತ್ತಿ ಕೂತು, ಸಂಜೆಯೊಳಗೆ ಮಗಳ ಮುಖ ನೋಡಬಹುದು. ಸಮುದ್ರದಾಚೆಗೆ ಕಳಿಸಿದ ತಾಯಿ ಏನು ಮಾಡಬೇಕು? ನಮ್ಮ ನಾಗಕ್ಕನನ್ನು ಕೇಳಿ, ಹೇಳುತ್ತಾಳೆ.

ಅಳಿಯ ನಾಗಭೂಷಣ ಮಸ್ಕತ್ತಿನ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಮದುವೆಯಾದ ಮೇಲೆ ಮಗಳು ಮಾಲತಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಶುಕ್ರವಾರ ಅಲ್ಲಿ ರಜೆ. ಅವತ್ತು ಮಧ್ಯಾಹ್ನ ಅವನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕದ ವೀರೇಶನ ಟೆಲಿಫೋನ್ ಬೂತಿಗೆ ಫೋನು ಮಾಡಿ, ಮಾಲತಿಯ ಕೈಗೆ ಕೊಡುತ್ತಿದ್ದ. ನಾಗಕ್ಕ ಮಾತ್ರ ದೊಡ್ಡಉಳ್ಳಾರ್ತಿ ಕಡೆಯ ತನ್ನ ಹಟ್ಟಿಯಿಂದ ಮೊದಲನೇ ಬಸ್ಸಿಗೇ ಬಂದು ಬೂತಿನ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು.

"ಇನ್ನೂ ಹೊತ್ತೈತೆ ಕಣಮ್ಮ, ಹೋಗಿ ಒಂದು ಟೀ ಕುಡ್ಕೊಂಡು ಬಾ," ಎನ್ನುತ್ತಿದ್ದ ವೀರೇಶ್.

"ನಾನು ಅತ್ಲಾಗ್ ಹೋದಾಗ್ಲೇ ಫೋನು ಬಂದ್ರೆ? ಸುಮ್ಕಿರಪ್ಪ."

ಮಗಳ ದನಿ ಕೇಳುವುದೆಂದರೆ ನಾಗಕ್ಕನಿಗೆ ವಾರದ ಊಟ ಇದ್ದಂತೆ. ಆದರೆ ಆ ಶುಕ್ರವಾರ ದನಿಯೇ ಸರಿಯಿರಲಿಲ್ಲ. ಮಾಲತಿ ಆಗ ಐದು ತಿಂಗಳ ಬಸುರಿ.

"ಉಂಡ್ಯೇನೆ ಕೂಸೇ?"

"ಹೂಂ."

"ಏನುಂಡೆ?"

"ಅನ್ನ, ಉಪ್ಪಿನಕಾಯಿ."

"ಬರೇ ಅದೇನಾ? ಬಸುರಿ ಹೆಂಗ್ಸು ಹಿಂಗುಂಡ್ರೆ..."

"ಅವ್ವ, ನಾನು ಬಂದ್ಬಿಡ್ತೀನಿ ಕಣವ್ವ. ಇಲ್ಲಿ ಕಿಟಕಿ ತೆಗೆದ್ರೆ ಗೋಡೆ. ನಮ್ಮ ದನ ಮೇಯೋ ಕಾವಲ ಗಾಳಿ ನೆನೆಸ್ಕೊಂಡ್ರೆ ಉಸಿರು ಕಟ್ದಂಗಾಗ್ತೈತೆ. ಯಾರ ಕೂಡೆ ಮಾತಾಡ್ಲಿ ನಾನು?" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ನಾಗಭೂಷಣ ಫೋನು ತೆಗೆದುಕೊಂಡ. "ಅತ್ತೆ, ನೀವಾದ್ರೂ ಬುದ್ಧಿ ಹೇಳ್ರಿ. ಬಂದಾಗ್ನಿಂದ ಹೊರಗೆ ಕಾಲಿಟ್ಟಿಲ್ಲ. ಆಸ್ಪತ್ರೆಗೆ ಅಂತ ಕೆಳಗಿಳ್ಸಿದ್ರೆ ಗೇಟಿನ ತಾವ ನಿಂತು, ರಸ್ತೆ ನೋಡಿ, ಅತ್ಕೊಂಡು ವಾಪಸ್ ಬರ್ತಾಳೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ನಿನ್ನೆ ಕಣ್ಣು ಕತ್ಲೆ ಬಂದು ಬಿದ್ಲು. ನಂಗೆ ಭಯ ಆಗ್ತೈತೆ."

ಫೋನು ಇಟ್ಟ ಮೇಲೆ ನಾಗಕ್ಕ ಅದೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಹೆತ್ತ ಕರುಳು, ಸುಮ್ಮನಿರುತ್ತದೆಯೇ? ಮೈಯೆಲ್ಲ ಕಿವಿಯಾಗಿ ಕೇಳಿದ ಆ ಅಳು ಮತ್ತೆ ಮತ್ತೆ ಕೇಳಿಸುತ್ತಿತ್ತು.

ಪಕ್ಕದಲ್ಲಿ ಫೋನಿಗಾಗಿ ಕಾಯುತ್ತಿದ್ದವರು ಜಗದಾಂಬ. ಮಸ್ಕತ್ತಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿದ್ದು, ಹೋದ ವರ್ಷ ಊರಿಗೆ ಮರಳಿ, ಈಗ ಪೇಟೆಯ ಸ್ತ್ರೀಶಕ್ತಿ ಸಂಘದ ಹೆಂಗಸರ ಜೊತೆ ಓಡಾಡುತ್ತಿದ್ದರು. ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಮನಸ್ಸು.

"ಯಾಕಮ್ಮ ಅಳ್ತೀಯಾ? ಏನಾಯ್ತು ಹೇಳು."

ನಾಗಕ್ಕ ಎಲ್ಲ ಹೇಳಿದಳು. "ಕರೆಸ್ಕೊಂಡ್ಬಿಡ್ತೀನಿ ಕಣ್ರಿ. ನನ್ನ ಕೂಸು ನನ್ನ ತಾವ ಇರ್ಲಿ. ಹೆರಿಗೆ ಇಲ್ಲೇ ಆಗ್ಲಿ."

"ತಲೆ ತಿರುಗಿ ಬಿದ್ದ ಬಸುರೀನ ಡಾಕ್ಟ್ರಿಗೂ ತೋರಿಸ್ದೆ ವಿಮಾನ ಹತ್ತಿಸ್ತೀಯಾ? ಚೆನ್ನಾಗೈತೆ! ಮೊದ್ಲು ಆಸ್ಪತ್ರೆ, ಆಮೇಲೆ ಮಿಕ್ಕಿದ್ದು. ಹೊಸದ್ರಲ್ಲಿ ಎಲ್ರೂ ಅಳ್ತಾರಮ್ಮ. ನಾನೂ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ. ಆದ್ರೆ ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ನಿನ್ನ ಮಗಳು ಗೇಟಿನ ತಾವ ಏನು ನೋಡಿ ಹೆದರ್ತಾಳೆ? ಕಳಿಸುವಾಗ ಏನಂತ ಹೇಳಿ ಕಳಿಸ್ದೆ?"

ನಾಗಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸ್ವಲ್ಪ ಬೀಗಿಕೊಂಡೇ ಹೇಳಿದಳು. ಅವರ ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಸಾಕುವುದಿಲ್ಲ, ತಿನ್ನುವುದಿಲ್ಲ. ಈಚಲ ಮರವೆಂದರೂ ಹಾಗೆಯೇ. ಈಚಲ ಚಾಪೆ, ಈಚಲ ಪೊರಕೆ ಹಟ್ಟಿಯೊಳಕ್ಕೆ ಬರುವಂತಿಲ್ಲ. ಹಿರಿಯರ ಕಾಲದಿಂದ ಬಂದ ಕಟ್ಟು ಅದು. ಮಾಲತಿ ಹೊರಡುವ ಮುಂಚೆ ನಾಗಕ್ಕ ಅವಳನ್ನು ದೇವರಿಗೆ ಬಿಟ್ಟ ಎತ್ತುಗಳನ್ನು ಕೂಡುವ ರೊಪ್ಪದ ಮುಂದೆ ನಿಲ್ಲಿಸಿ ಆಣೆ ಮಾಡಿಸಿಕೊಂಡಿದ್ದಳು. "ಕೋಳಿ ಬೇಯಿಸೋ ಮನೆ ಹೊಸ್ಲು ತುಳಿಯಲ್ಲ, ಅಲ್ಲಿ ನೀರೂ ಮುಟ್ಟಲ್ಲ, ಈಚಲ ಮರದ ನೆರಳಿಗೂ ಹೋಗಲ್ಲ ಅನ್ನು ಅಂದೆ. ಅಂದ್ಲು. ಗಂಡನಿಗೆ ಹೇಳ್ಬ್ಯಾಡ, ಪರದೇಶಕ್ಕೆ ಹೋದೋನು, ನಗ್ತಾನೆ ಅಂತಾನೂ ಅಂದೆ."

ಜಗದಾಂಬ ಹಣೆಗೆ ಕೈ ಹಚ್ಚಿಕೊಂಡರು.

"ಅಯ್ಯೋ ನಮ್ಮವ್ವ! ಆ ಊರಲ್ಲಿ ರಸ್ತೆಯ ಎರಡೂ ಮಗ್ಗುಲು ಖರ್ಜೂರದ ಮರ. ನೋಡೋಕೆ ಥೇಟು ಈಚಲ ಮರದ ಅಕ್ಕ. ಆಸ್ಪತ್ರೆ ಬಾಗಿಲಿಗೂ ಅದೇ, ಬಸ್ ಸ್ಟಾಪಿಗೂ ಅದೇ. ಇನ್ನು ಕೋಳಿ ಬೇಯಿಸ್ದೆ ಇರೋ ಮನೆ ಹುಡುಕ್ಬೇಕು ಅಂದ್ರೆ ಊರೆಲ್ಲ ತಿರುಗ್ಬೇಕು. ನೀನು ಮಗಳನ್ನ ಬೀಳ್ಕೊಡಲಿಲ್ಲ ಕಣೆ, ಕೂಡಿ ಹಾಕ್ದೆ!"

ಮಗಳು ಗೇಟಿನ ಹತ್ತಿರ ನಿಂತು ರಸ್ತೆ ನೋಡಿ ಅಳುವುದು ಈಗ ನಾಗಕ್ಕನ ಕಣ್ಣಿಗೆ ಕಟ್ಟಿತು. ನನ್ನ ಮಾತಿಗೇ ನನ್ನ ಕೂಸು ಒಣಗುತ್ತಿದೆಯಲ್ಲಾ ಎಂದು ನೊಂದುಕೊಂಡಳು.

"ಈಗ್ಲೇ ಫೋನ್ ಮಾಡಿ ಆಣೆ ಬಿಟ್ಟೆ ಅನ್ನು," ಎಂದರು ಜಗದಾಂಬ.

"ಎಲ್ಲಾದ್ರೂ ಉಂಟೇನ್ರಿ! ದೇವರೆತ್ತಿನ ಮುಂದೆ ಇಟ್ಟ ಆಣೇನ ಬೂತಲ್ಲಿ ನಿಂತ್ಕೊಂಡು ಬಿಡಿಸಕ್ಕಾಗ್ತೈತಾ? ಬಸುರಿ ಬೇರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಸರಿ, ಎಲ್ಲಿ ಇಟ್ಟಿದ್ಯೋ ಅಲ್ಲಿಗೇ ನಡಿ. ನಾನೂ ಬರ್ತೀನಿ," ಎಂದು ಜಗದಾಂಬ ಆಗಲೇ ಆಟೋ ಕೂಗಿದರು.

ದೇವರ ಎತ್ತುಗಳನ್ನು ಕಾಯುವವನು ಪಾತಣ್ಣ. ವಯಸ್ಸಾದರೂ ಕಾವಲಿನ ಹುಲ್ಲು ಬಿಟ್ಟು ಒಂದು ದಿನ ಮನೆಯಲ್ಲಿ ಕೂತವನಲ್ಲ. ಹಟ್ಟಿಯಲ್ಲಿ ಕಟ್ಟುಪಾಡಿನ ವಿಷಯ ಬಂದರೆ ಅವನ ಮಾತೇ ಮಾತು. ಕಂಬಳಿ ಹಾಸಿ ಕೂತು, ನಾಗಕ್ಕ ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿದ. ಕೇಳಿದವನಿಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು.

"ಕೋಳಿ ತಿನ್ಬ್ಯಾಡ ಅಂದ್ರು ಹಿರೀಕರು. ತಿನ್ನೋರ ಮನೆಗೆ ಕಾಲಿಡ್ಬ್ಯಾಡ ಅಂತ ಯಾರಂದ್ರು? ಚಳ್ಳಕೆರೆ ಸಂತೆಗೆ ಹೋಗ್ತೀಯಲ್ಲ, ಅಲ್ಲಿ ನೀರು ಕುಡಿಯಲ್ವೇನು ನೀನು? ನೆರಳಿನ ಮಾತಂತೂ ನಿಂದೇ. ದೇವರ ಕಟ್ಟು ಒಂದು ಮೊಳ ಇದ್ರೆ ನೀನು ಒಂದು ಮಾರು ಮಾಡಿದ್ಯಲ್ಲೇ!"

"ದೂರದೂರು ಅಣ್ಣ. ಹೆದ್ರಿಕೆ ಆಯ್ತು."

"ನಾವು ಮಳೆ ಇಲ್ದಾಗ ದನ ಹೊಡ್ಕೊಂಡು ಆಂಧ್ರದ ಗಡಿ ದಾಟಿ ಹೋಗ್ತಿದ್ವಿ. ಹೊಸ ಕಾವಲಿಗೆ ಹೋದ್ರೆ ಮೊದ್ಲು ಏನು ಮಾಡ್ತಿದ್ವಿ ಹೇಳು? ಅಲ್ಲಿ ಮೊದ್ಲಿಂದ ಇರೋನ ತಾವ ಹೋಗಿ, ಅಪ್ಪಾ, ನೀರೆಲ್ಲೈತೆ, ಯಾರ ಹೊಲ ಎಲ್ಲೀಗಂಟ ಐತೆ, ಯಾವ ಕಡೆ ಹುಲ್ಲು ಒಳ್ಳೇದು ಅಂತ ಕೇಳ್ತಿದ್ವಿ. ಕೇಳೋದು ನಾಚ್ಕೆ ಅಲ್ಲ, ಅದೇ ನಮ್ಮ ಕಸುಬು. ಕೇಳ್ದೆ ಕಣ್ಮುಚ್ಕೊಂಡು ಕೂತ ದನಗಾಹಿಯ ಮಂದೆ ಉಳಿದಿದ್ದು ಎಲ್ಲಾದ್ರೂ ನೋಡಿದ್ಯಾ?"

ನಾಗಕ್ಕ ತಲೆ ತಗ್ಗಿಸಿದಳು. ಆಗ ಅವಳ ಬಾಯಿಂದ ನಿಜ ಬಂತು.

"ಅದಷ್ಟೇ ಅಲ್ಲಣ್ಣ. ಅವಳು ಅಲ್ಲೋರ ಜೊತೆ ಉಂಡು, ಕೂತು, ನಕ್ಕು, ಅಲ್ಲಿಯೋಳೇ ಆಗ್ಬಿಟ್ರೆ? ನನ್ನ ಮರೆತ್ಬಿಟ್ರೆ? ಅದಕ್ಕೇ ಕಟ್ಟಿ ಹಾಕ್ದೆ. ಒಬ್ಳೇ ಮಗಳು. ಒಲೆ ಮುಂದೆ ಕೂತ್ರೆ ಅವಳ ತಾಟು ಕಾಣ್ತೈತೆ, ಬಾವಿಗೆ ಹೋದ್ರೆ ಅವಳ ಕೊಡ ಕಾಣ್ತೈತೆ. ನಾನೇನು ಮಾಡ್ಲಿ?"

ಪಾತಣ್ಣನ ಸಿಟ್ಟು ಇಳಿಯಿತು. ಜಗದಾಂಬ ಅವಳ ಬೆನ್ನು ಸವರಿದರು.

"ಅಲ್ಲಿಯೋಳು, ಇಲ್ಲಿಯೋಳು ಅನ್ನೋದೆಲ್ಲ ಬದುಕಿದ್ರೆ ತಾನೇ ತಂಗಿ," ಎಂದ ಪಾತಣ್ಣ. ಎದ್ದು ರೊಪ್ಪದ ಮುಂದೆ ಕೈಮುಗಿದು, ತಪ್ಪು ಒಪ್ಪಿಸಿ, ನಾಗಕ್ಕನ ಹಣೆಗೆ ವಿಭೂತಿ ಹಚ್ಚಿದ. "ಬಿಡಿಸಿದೀನಿ. ಆದ್ರೆ ನಾನು ಹೇಳಿದ್ರೆ ಅವಳು ನಂಬಲ್ಲ. ಕಟ್ಟಿದ ಬಾಯೇ ಬಿಚ್ಬೇಕು. ಹೋಗು, ನೀನೇ ಹೇಳು."

ವೀರೇಶ್ ಬೂತಿನ ಬಾಗಿಲು ಎಳೆಯುವ ಹೊತ್ತಿಗೆ ಇಬ್ಬರೂ ತಿರುಗಿ ಬಂದು ಅವನಿಂದ ಮಸ್ಕತ್ತಿಗೆ ಫೋನು ಹಚ್ಚಿಸಿದರು. ಮಾಲತಿಯ "ಹಲೋ" ಕೇಳಿದ್ದೇ ತಡ, ನಾಗಕ್ಕನ ನಾಲಿಗೆಯ ತುದಿಗೆ "ಬಾ, ಬಂದ್ಬಿಡು ಕೂಸೇ" ಎಂಬ ಮಾತೇ ಬಂದು ನಿಂತಿತು. ಅದನ್ನು ನುಂಗಿಕೊಂಡಳು. ನುಂಗಲು ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು.

"ಮಾಲತಿ, ಪಾತಣ್ಣನ ಮುಂದೆ ಆಣೆ ಬಿಡಿಸ್ಕೊಂಡು ಬಂದಿದೀನಿ. ನಿಮ್ಮ ರಸ್ತೆಯ ಆ ಖರ್ಜೂರದ ಮರ ನಮ್ಮ ದೇವರಿಗೆ ಅಡ್ಡಿಯಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗು. ಪಕ್ಕದ ಮನೆಯೋರು ಕರೆದ್ರೆ ಹೋಗು. ಕೋಳಿ ಇಟ್ರೆ, ನಾವಿದು ತಿನ್ನಲ್ಲ ಅಂತ ನಗ್ತಾ ಹೇಳು, ಮಿಕ್ಕಿದ್ದು ಉಣ್ಣು. ಹೊರಗೆ ಹೋಗೇ ನನ್ನವ್ವ, ಹೊರಗೆ ಹೋಗು."

ಆ ಕಡೆ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು.

ಆಮೇಲೆ ಜಗದಾಂಬ ಫೋನು ತೆಗೆದುಕೊಂಡು ತಮ್ಮ ಗಟ್ಟಿ ಗಂಟಲಲ್ಲಿ ಹೇಳಿದರು: "ಕೇಳಮ್ಮ ಮಾಲತಿ. ನಿನ್ನ ಮನೆ ವಿಳಾಸ, ಗಂಡನ ನಂಬರು ಬರೆದು ಯಾವಾಗ್ಲೂ ಪರ್ಸಲ್ಲಿ ಇಟ್ಕೊ, ದಾರಿ ತಪ್ಪಿದ್ರೆ ಟ್ಯಾಕ್ಸಿಯವನಿಗೆ ತೋರಿಸು. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ನಿನ್ನ ತಾವ, ಒಂದು ಇಲ್ಲಿ ಅವ್ವನ ತಾವ ಇರ್ಲಿ. ನಮ್ಮ ದೇಶದ ರಾಯಭಾರ ಕಚೇರಿ ಎಲ್ಲೈತೆ, ನಂಬರು ಏನು, ಗಂಡನ್ನ ಕೇಳಿ ತಿಳ್ಕೊ. ಆಸ್ಪತ್ರೇಲಿ ಮಾತು ಬರಲ್ಲ ಅಂತ ಹೆದರ್ಬ್ಯಾಡ, ನಮ್ಮ ಕಡೆ ನರ್ಸುಗಳು ಬೇಕಾದಷ್ಟು ಅವ್ರೆ, ಕೇಳು. ದಿನಾ ಅಲ್ಲಿಯ ಒಂದೊಂದು ಮಾತು ಕಲಿ. ನೀರು, ನೋವು, ಎಷ್ಟು, ಎಲ್ಲಿ, ಇಷ್ಟು ಬಂದ್ರೆ ಸಾಕು, ಮಿಕ್ಕಿದ್ದು ತಾನೇ ಬರ್ತೈತೆ. ಮತ್ತೆ, ಮನಸಿಗೆ ಏನಾದ್ರೂ ಆದ್ರೆ ಗಂಡನಿಗೆ ಹೇಳು. ನಕ್ರೆ ನಗ್ಲಿ!"

ಮುಂದಿನ ಶುಕ್ರವಾರ ನಾಗಕ್ಕ ಎಂದಿನಂತೆ ಮೊದಲ ಬಸ್ಸಿಗೇ ಬಂದಳು. ಫೋನು ಹೇಳಿದ ಹೊತ್ತಿಗೆ ಬರಲಿಲ್ಲ. ಅವಳು ಮೆಟ್ಟಿಲಿಂದ ಎದ್ದೆದ್ದು ಬೂತಿನೊಳಕ್ಕೆ ಇಣುಕಿದಳು. ಕೊನೆಗೆ ಬಂದಾಗ ಮಾಲತಿಯ ಮಾತಿಗೆ ತಡೆಯೇ ಇರಲಿಲ್ಲ.

"ಅವ್ವ, ಆಸ್ಪತ್ರೆಗೆ ಹೋಗಿದ್ದೆ! ಮೈಯಲ್ಲಿ ರಕ್ತ ಕಮ್ಮಿ ಐತಂತೆ, ಮಾತ್ರೆ ಕೊಟ್ಟವ್ರೆ. ಕೂಸಿನ ಎದೆ ಬಡಿತ ಕೇಳಿಸಿದ್ರವ್ವ ನಂಗೆ. ಮತ್ತೆ ಎದುರು ಮನೆಯೋರು ಯಾರು ಗೊತ್ತಾ? ಅನಂತಪುರದೋರು! ಮಾತಾಡೋದು ನಮ್ಮ ಮೊಳಕಾಲ್ಮೂರು ಕಡೆ ತೆಲುಗೇ, ನಂಗೂ ಬರ್ತೈತಲ್ಲ. ಇಷ್ಟು ದಿನ ಬಾಗಿಲ ಎದುರಿಗೇ ಇದ್ರಲ್ಲವ್ವ ಅವ್ರು! ನಾನು ಕೋಳಿ ತಿನ್ನಲ್ಲ ಅಂದಿದ್ದಕ್ಕೆ ಬೇರೆ ಪಾತ್ರೇಲಿ ಬೇಳೆ ಮಾಡಿ ಕೊಟ್ರು. ಈಗ ಎಲ್ರೂ ಸಮುದ್ರ ನೋಡೋಕೆ ಹೊರಟಿದೀವಿ."

"ಸಮುದ್ರ ಹೆಂಗೈತೆ ಅಂತ ನೋಡಿ ಹೇಳು ಕೂಸೇ. ಮತ್ತೆ, ರಾತ್ರಿ ನಿದ್ದೆ..."

"ಅವ್ವ, ಕೆಳಗೆ ಕಾಯ್ತಾ ಅವ್ರೆ. ಇಡ್ಲಾ?"

ಇಟ್ಟೇಬಿಟ್ಟಳು. ಕೇಳಬೇಕೆಂದು ವಾರವಿಡೀ ಕೂಡಿಟ್ಟ ಮಾತೆಲ್ಲ ನಾಗಕ್ಕನ ಬಾಯಲ್ಲೇ ಉಳಿಯಿತು. ಅವಳು ರಿಸೀವರನ್ನು ಕಿವಿಯಿಂದ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

"ಏನಂತಮ್ಮ?" ಎಂದ ವೀರೇಶ್.

"ಪುರುಸೊತ್ತಿಲ್ಲವಂತೆ ನನ್ನ ಮಗಳಿಗೆ," ಎಂದಳು ನಾಗಕ್ಕ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಹೊಟ್ಟೆ ಉರಿಯಿತೋ ತಣ್ಣಗಾಯಿತೋ, ಅವಳಿಗೇ ತಿಳಿಯಲಿಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಪರದೇಶಕ್ಕೆ ಹೊರಟಿದ್ದಾರೆಯೇ? ಹಪ್ಪಳ ಉಪ್ಪಿನಕಾಯಿ ಕಟ್ಟುವುದರ ಜೊತೆಗೆ ಅವರ ಪಾಸ್‌ಪೋರ್ಟಿನ ಒಂದು ನಕಲನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿನ ವಿಳಾಸ, ಕೆಲಸದ ಜಾಗದ ನಂಬರು ಕೇಳಿ ಪಡೆಯಿರಿ. ಆ ದೇಶದಲ್ಲಿ ಇದ್ದು ಬಂದವರು ಹತ್ತಿರದಲ್ಲಿದ್ದರೆ ಹೊರಡುವ ಮುಂಚೆಯೇ ಹೋಗಿ ಮಾತಾಡಿಸಿ. ನೀವೇ ಹೋಗುವವರಾದರೆ, ಹೋದ ವಾರದಲ್ಲೇ ಆಸ್ಪತ್ರೆಯ ದಾರಿ ತಿಳಿದುಕೊಳ್ಳಿ, ನಿಮ್ಮ ಊಟ ಆಚಾರವನ್ನು ನಾಚದೆ ಹೇಳಿ, ಎದುರು ಮನೆಯ ಬಾಗಿಲು ತಟ್ಟಿ. ಊರಿನ ನೆನಪಾಗಿ ಅಳು ಬಂದರೆ ಅತ್ತುಬಿಡಿ, ಅದೇನು ತಪ್ಪಲ್ಲ. ಆದರೆ ಬಾಗಿಲು ಹಾಕಿಕೊಂಡು ಅಳಬೇಡಿ. ಕಳಿಸಿಕೊಡುವ ತಾಯಂದಿರೇ, ನಿಮಗೆ ಕೊನೆಯ ಮಾತು: ಹೋಗುವ ಮಕ್ಕಳಿಗೆ ಬುತ್ತಿ ಕಟ್ಟಿಕೊಡಿ, ಬೇಲಿ ಕಟ್ಟಿಕೊಡಬೇಡಿ.