ತಳ ಹಿಡಿಯುವ ಮುಂಚೆ

ಮೂರನೇ ಸಲ ಈರುಳ್ಳಿ ಹೆಚ್ಚಲು ಕುಳಿತ ದರ್ಜಿಯಮ್ಮನನ್ನು ನೋಡಿ ಅವಳ ಗಂಡ ಹಣೆ ಚಚ್ಚಿಕೊಂಡ.

"ಎರಡು ಪಾತ್ರೆ ಸೀದು ಕರಕಲಾಯ್ತಲ್ಲೇ! ಆ ಜಾಮ್ ನಿನ್ನ ಕೈಲಾಗಲ್ಲ, ಬಿಟ್ಟುಬಿಡು ತಾಯಿ."

"ನೀವು ಡ್ಯೂಟಿಗೆ ಹೊರಡಿ. ಬಸ್ಸು ನಿಮಗೋಸ್ಕರ ಕಾಯ್ತಾ ಇರುತ್ತಾ?"

"ಕಾಯದೆ ಏನು ಮಾಡುತ್ತೆ? ಡ್ರೈವರ್ ನಾನೇ ಅಲ್ವಾ" ಎಂದು ಗೊಣಗುತ್ತಾ ಅವನು ಬಾಗಿಲೆಳೆದುಕೊಂಡು ಹೋದ.

ಪಾಪ, ಅವನಿಗೇನು ಗೊತ್ತು? ಅವಳು ಮೈಮರೆತು ಸೀಯಿಸಿದ್ದಲ್ಲ. ಬೇಕಂತಲೇ ಸೀಯಿಸಿದ್ದು.

ಆ ಮನೆಯಲ್ಲಿ ಈರುಳ್ಳಿ ಜಾಮ್ ಎಂದರೆ ದರ್ಜಿಯಮ್ಮನ ಅಕ್ಕ. ಮಹಡಿಯ ಕೋಣೆಯಲ್ಲಿದ್ದ ಅಕ್ಕ ಭಾನುವಾರ ಬಂತೆಂದರೆ ಕೆಳಗಿಳಿದು ಬರುತ್ತಿದ್ದಳು. ತಂಗಿಯ ಕೈಗೆ ಸೌಟು ಕೊಟ್ಟು, ತಾನು ಅವಳ ಹಿಂದೆ ನಿಂತು ಬರೀ ಮೂಗಿನಲ್ಲೇ ಅಡುಗೆ ಮಾಡುತ್ತಿದ್ದಳು. ಈರುಳ್ಳಿ ಮೆತ್ತಗಾಗಿ, ಕೆಂಪಗಾಗಿ, ಉಪ್ಪು, ಮೆಣಸು, ಚೂರು ಸಕ್ಕರೆ, ವಿನೆಗರ್ ಎಲ್ಲವನ್ನೂ ಕುಡಿದು ಇನ್ನೇನು ತಳ ಹಿಡಿಯಬೇಕು ಎನ್ನುವಾಗ "ಇಳಿಸೇ, ಕತ್ತೆ!" ಎಂದು ಅರಚುತ್ತಿದ್ದಳು. ಜ್ವರ ಬಂದು ಮಲಗಿದ್ದಾಗಲೂ ಮಹಡಿಯಿಂದಲೇ ಅರಚಿದ ಹೆಂಗಸು ಅವಳು.

ಈ ತಂಗಿಯ ಬಾಯಿ ಸುಮ್ಮನಿರಬೇಕಲ್ಲ! ಒಂದು ದಿನ ಮನೆಗೆ ಬಂದಿದ್ದ ಬೇಕರಿಯವನು ಜಾಮಿನ ಚಮಚ ನೆಕ್ಕಿ, "ಆಹಾ, ಯಾರಮ್ಮಾ ಮಾಡಿದ್ದು?" ಎಂದು ಕೇಳಿದ.

"ನಾನೇ. ಅಕ್ಕ ಸುಮ್ನೆ ಹಿಂದೆ ನಿಂತಿರ್ತಾಳೆ ಅಷ್ಟೇ."

ಅಕ್ಕ ಬಾಗಿಲಲ್ಲೇ ಇದ್ದಳು. "ಇನ್ಮೇಲೆ ನಿನ್ನ ಜೊತೆ ಮಾತಿಲ್ಲ" ಎಂದವಳು, ನಾಲ್ಕನೇ ದಿನ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟಳು. ತಪ್ಪಾಯ್ತು ಎನ್ನಲೂ ತಂಗಿಗೆ ಪುರುಸೊತ್ತು ಕೊಡಲಿಲ್ಲ.

ಈಗ ಅವಳಿಗೆ ಬೇಕಾಗಿದ್ದು ಒಂದೇ ಒಂದು ಮಾತು. ಬೈಗುಳವಾದರೂ ಚಿಂತೆಯಿಲ್ಲ. ಜಾಮ್ ಸೀಯುವುದನ್ನು ಸತ್ತರೂ ಸಹಿಸುವವಳಲ್ಲ ಅಕ್ಕ, ಕೂಗಿಯೇ ಕೂಗುತ್ತಾಳೆ ಎಂಬುದು ಅವಳ ಲೆಕ್ಕಾಚಾರ. ಹುಚ್ಚೆಂದರೆ ಹುಚ್ಚೇ.

ನಡು ಮಧ್ಯಾಹ್ನ. ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಯಿತು, ಅಂಟಂಟಾಯಿತು, ಗುಳುಗುಳು ಎನ್ನತೊಡಗಿತು. ಅವಳು ಸೌಟು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಕತ್ತಿನ ಮೇಲೆ ಬೆಚ್ಚಗೆ ಉಸಿರು ತಾಗಿದಂತಾಗಿ ಮೈ ಜುಮ್ಮೆಂದಿತು. ತಿರುಗಿ ನೋಡುವ ಧೈರ್ಯ ಸಾಲದೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ಬೈಯೇ ಅಕ್ಕಾ," ಎಂದಳು. "ಕತ್ತೆ ಅನ್ನೇ. ಒಂದೇ ಒಂದು ಸಲ."

ಗುಳುಗುಳು ಸದ್ದು ನಿಂತಿತು.

ಕಣ್ಣು ಬಿಟ್ಟರೆ ಒಲೆ ಆರಿತ್ತು. ಗ್ಯಾಸ್ ಮುಗಿದಿರಲಿಲ್ಲ, ಗಾಳಿಯೂ ಇರಲಿಲ್ಲ. ಒಲೆಯ ನಾಬ್ ಆರಿಸುವ ಕಡೆಗೆ ಪೂರ್ತಿ ತಿರುಗಿ ನಿಂತಿತ್ತು. ಚೂರು ತೆಗೆದು ನಾಲಿಗೆಗಿಟ್ಟಳು. ಅದೇ ಹದ, ಒಂದು ಕೂದಲೆಳೆಯೂ ಆಚೀಚೆಯಿಲ್ಲ.

"ನೀನೇ ಕಣೇ ಮಾಡಿದ್ದು! ಯಾವತ್ತೂ ನೀನೇ! ಊರಿಗೆಲ್ಲ ಹೇಳ್ತೀನಿ, ಮಾತಾಡೇ!" ಎಂದು ಖಾಲಿ ಅಡುಗೆಮನೆಯ ತುಂಬ ತಿರುಗಿ ತಿರುಗಿ ಗೋಗರೆದಳು.

ಅಕ್ಕ ಬಂದಿದ್ದಳು. ಜಾಮ್ ಉಳಿಸಿದ್ದಳು. ಮಾತು ಮಾತ್ರ ಆಡಲಿಲ್ಲ.