ಎರಡು ಬೆರಳು ಬಲಕ್ಕೆ

ನೀಲಿ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಹದಿನೈದನೆಯ ವಯಸ್ಸಿನಲ್ಲಿ ಚಿಕ್ಕಪ್ಪನ ಪೂಲ್ ಆಟದ ಕೋಣೆಯ ಮೆಟ್ಟಿಲು ಹತ್ತಿದ ವಾರದಲ್ಲೇ ಅಂಟಿಕೊಂಡದ್ದು. ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್ ಅವಳ ಬೆರಳಿಗೆ, ಬೆರಳಿನಿಂದ ಮೂಗಿಗೆ, ಮೂಗಿನಿಂದ ಲಂಗದ ಅಂಚಿಗೆ ಬಳಿದುಕೊಂಡು ಮನೆಗೆ ಬರುತ್ತಿತ್ತು. ಅಮ್ಮ ಬೈದು ಬೈದು ಸಾಕಾದಳು, ಚಿಕ್ಕಪ್ಪ ನಕ್ಕು ನಕ್ಕು ಹೆಸರಿಟ್ಟ. ಈಗ ಅವಳಿಗೆ ಅರವತ್ತೆರಡು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮಂಡಿ ಸವೆದಿದೆ, ಸೊಂಟ ಹಿಡಿದಿದೆ. ಹೆಸರು ಮಾತ್ರ ಎಲ್ಲೂ ಸವೆದಿಲ್ಲ.

ಅವತ್ತು ಬೆಳಿಗ್ಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅವನು ಬಸ್ ಡ್ರೈವರ್. ರಸ್ತೆಯಲ್ಲಿ ಹಾರ್ನ್ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುವಷ್ಟು ಮೆದು ಮನುಷ್ಯ.

"ಅಕ್ಕಾ, ಬಿಡುವಿದ್ಯಾ? ಅಪ್ಪ ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ಕೂತಿದ್ದಾರೆ. ನಿನ್ನ ಮನೆಗೆ ಬರ್ತಾರಂತೆ. ಈ ಮನೆ ಅನ್ನ ಇನ್ನು ಬೇಡವಂತೆ."

"ಏನು ಮಾಡಿದ್ಯೋ ನೀನು?"

"ಅವರ ಪೂಲ್ ಮೇಜು ಮಾರಿಬಿಟ್ಟು ಬೇರೆ ಯಾವುದೋ ತಂದು ಇಟ್ಟಿದ್ದೀನಂತೆ. ಒಂಬತ್ತು ದಿನ ಆಯ್ತು, ನನ್ನ ಹತ್ರ ಒಂದು ಮಾತಿಲ್ಲ."

ನೀಲಿ ಅರ್ಧ ಹೊಲಿದ ತೋಳನ್ನು ಹಾಗೇ ಸೂಜಿಯಡಿ ಬಿಟ್ಟು ಹೊರಟಳು.

ದಾರಿಯುದ್ದಕ್ಕೂ ಅವಳಿಗೆ ಆ ಹಳೆಯ ಕೋಣೆಯೇ ಕಣ್ಣಿಗೆ ಕಟ್ಟುತ್ತಿತ್ತು. ಟೈರ್ ಅಂಗಡಿಯ ಮಹಡಿ ಮೇಲೆ ಒಂದೇ ಕೋಣೆ, ಒಂದೇ ಮೇಜು. ಕೆಳಗಿನಿಂದ ಕಾದ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಆಟಗಾರರು ಬರುವ ಮೊದಲು, ಬೆಳಿಗ್ಗೆ ಏಳಕ್ಕೆ, ಅವಳು ಹೋಗಿ ಬಾಗಿಲು ತೆಗೆಯಬೇಕು. ನೆಲ ಒರೆಸಬೇಕು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹಾಕಬೇಕು. ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದಕ್ಕೆ ಉಜ್ಜಿದರೆ ಬಟ್ಟೆಯ ನಯ ಕೆಡುತ್ತದೆ. ಎಳೆದಾಗ ಬಟ್ಟೆ ಸುಯ್ ಎಂದು ಉಸಿರು ಬಿಟ್ಟಂತೆ ಸದ್ದು ಮಾಡುತ್ತಿತ್ತು. ಬಿಸಿಲಿನ ಕೋಲಿನಲ್ಲಿ ನೀಲಿ ಧೂಳು ಏಳುತ್ತಿತ್ತು. ಕೆಲಸ ಮುಗಿದ ಮೇಲಿನ ಅರ್ಧ ಗಂಟೆ ಅವಳದು. ರಾತ್ರಿಯಿಡೀ ತಣ್ಣಗಾಗಿದ್ದ ಚೆಂಡನ್ನು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಮೇಜಿನ ಮೇಲಿಟ್ಟು, ಕೋಲು ಹಿಡಿದು ಬಗ್ಗಿದರೆ ಮನೆಯ ಬೈಗುಳ, ಶಾಲೆ ಬಿಡಿಸಿದ ದುಃಖ, ಯಾವುದೂ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಚೆಂಡಿಗೆ ಚೆಂಡು ತಾಗಿದ ಟಕ್ ಸದ್ದು ಬರಿಯ ಕೋಣೆಯಲ್ಲಿ ಎಷ್ಟು ದೊಡ್ಡದಾಗಿ ಕೇಳುತ್ತಿತ್ತೆಂದರೆ ಕೆಳಗಿನ ಟೈರ್‌ನವನು ತಲೆಯೆತ್ತಿ, "ಬೋಣಿ ಆಯ್ತಾ ಹುಡುಗಿ" ಎನ್ನುತ್ತಿದ್ದ.

ಆಟ ಕಲಿಸಿದವನು ಚಿಕ್ಕಪ್ಪನೇ. ಅವನ ಪಾಠವೆಲ್ಲ ಒಂದು ಮಾತಿನ ಮೇಲೆ ನಿಂತಿತ್ತು: "ಎರಡು ಬೆರಳು ಬಲಕ್ಕೆ." ಆ ಮೇಜಿನ ಮೇಲೆ ಉದ್ದಕ್ಕೆ ಹೊಡೆದ ಚೆಂಡು ಕೊನೆಗೆ ಬರುವಷ್ಟರಲ್ಲಿ ಸುಸ್ತಾಗಿ ಎಡಕ್ಕೆ ವಾಲುತ್ತಿತ್ತು. ಸ್ನೇಹಿತರೊಡನೆ ಹೊತ್ತು ತಂದು ತಾವೇ ಕೂಡಿಸಿದ ಹಳೆಯ ಮೇಜು ಅದು. ಹಸಿರು ಬಟ್ಟೆಯ ಕೆಳಗಿನ ಕಲ್ಲುಹಾಸಿನ ಹುಟ್ಟುಗುಣ ಎಂದು ಚಿಕ್ಕಪ್ಪ ತೀರ್ಮಾನ ಮಾಡಿದ್ದ. ಹಾಗಾಗಿ ಅಲ್ಲಿ ಆಡುವವರೆಲ್ಲ ಎರಡು ಬೆರಳಿನಷ್ಟು ಬಲಕ್ಕೆ ಗುರಿ ಇಡುತ್ತಿದ್ದರು. ಹೊರಗಿನವರು ಬಂದರೆ ಸೋತು ಹೋಗುತ್ತಿದ್ದರು. ಇವರಿಗೆ ಅದೊಂದು ಹೆಮ್ಮೆ.

ಹೆಮ್ಮೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೀಲಿಯ ಕತ್ತು ಹಿಡಿಯಿತು. ಗಿರಣಿಯ ಕ್ಲಬ್ಬಿನಲ್ಲಿ ಪಂದ್ಯ. ಕೊನೆಯ ಕಪ್ಪು ಚೆಂಡೊಂದೇ ಉಳಿದಿತ್ತು, ಎಡಮೂಲೆಯ ಪಾಕೆಟ್ಟಿಗೆ ನೇರ. ಅವಳು ಅಭ್ಯಾಸಬಲದಿಂದ ಎರಡು ಬೆರಳು ಬಲಕ್ಕೆ ಕೊಟ್ಟಳು. ಅಲ್ಲಿನ ಮೇಜು ವಾಲಲಿಲ್ಲ. ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ಅಲ್ಲೇ ನಿಂತಿತು. ಯಾರೋ ಹಿಂದಿನಿಂದ, "ಹೋಗಿ ಬಟ್ಟೆ ಹೊಲಿ ತಾಯಿ" ಎಂದರು. ಅವಳು ಹಾಗೇ ಮಾಡಿದಳು. ಮನೆಗೆ ಬರುವಾಗ ಚಿಕ್ಕಪ್ಪ, "ತಪ್ಪು ನಿನ್ನದಲ್ಲ ನೀಲಿ, ನನ್ನ ಮೇಜಿನದು" ಎಂದಷ್ಟೇ ಹೇಳಿದ್ದ. ಅವಳು ಮತ್ತೆ ಕೋಲು ಹಿಡಿಯಲಿಲ್ಲ.

ಡ್ರೈವರನ ಮನೆ ಬಾಗಿಲಲ್ಲಿ ಚಿಕ್ಕಪ್ಪ ನಿಜಕ್ಕೂ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಎಂಬತ್ತು ದಾಟಿದ ಮೈ, ಇಸ್ತ್ರಿ ಮಾಡಿದ ಅಂಗಿ. ಎರಡು ವರ್ಷದಿಂದ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು.

"ಕಾಲೆಳೆಯೋ ಸದ್ದು ಕೇಳಿದ್ರೆ ನೀಲಿನೇ" ಎಂದ. "ಆಟೋ ನಿಲ್ಲಿಸಿದ್ಯಾ, ಕಳಿಸಿಬಿಟ್ಯಾ?"

"ಕಳಿಸ್ದೆ. ಮೊದಲು ಒಂದು ಲೋಟ ನೀರು ಕುಡೀತೀನಿ ಚಿಕ್ಕಪ್ಪ, ಆಮೇಲೆ ನಿಮ್ಮನ್ನ ಹೊತ್ಕೊಂಡು ಹೋಗ್ತೀನಿ."

"ತಮಾಷೆ ಬೇಡ. ಆ ಕಟ್ಟಡ ಬೀಳಿಸ್ತಾರೆ ಅಂದಾಗ ಮೇಜು ಮನೆಗೆ ತರ್ತೀನಿ ಅಂದ, ನಂಬಿದೆ. ನನ್ನನ್ನ ಕಣ್ಣಿನ ಆಸ್ಪತ್ರೆಗೆ ಸೇರಿಸಿದ, ಅದೇ ನಾಲ್ಕು ದಿನದಲ್ಲಿ ಸಾಗಿಸಿದ. ಯಾಕೆ, ನಾನಿದ್ದಾಗ ಸಾಗಿಸೋಕೆ ಏನಾಗಿತ್ತು?"

"ನಿಮಗೆ ಗದ್ದಲ, ಧೂಳು ಆಗಬಾರದು ಅಂತ ಇರಬೇಕು."

"ಬಟ್ಟೆ ಹೊಸದು ಹಾಕಿಸ್ದೆ ಅಂತಾನೆ, ಒಪ್ಪಿದೆ. ಅಂಚಿನ ರಬ್ಬರ್ ಹೊಸದು, ಒಪ್ಪಿದೆ. ಮರ ಉಜ್ಜಿ ಪಾಲಿಶ್ ಮಾಡಿಸ್ದೆ ಅಂತಾನೆ, ನನ್ನ ಬೀಡಿ ಸುಟ್ಟ ಗುರುತೂ ಹೋಯ್ತು, ಅದನ್ನೂ ಒಪ್ಪಿದೆ. ಕಲ್ಲು? ಕಲ್ಲು ಅದೇ ಅಂತಾನೆ. ಅದೇ ಕಲ್ಲಾಗಿದ್ರೆ ಚೆಂಡು ಯಾಕೆ ಎಡಕ್ಕೆ ಹೋಗಲ್ಲ? ನೂರು ಸಲ ಉರುಳಿಸಿ ಕಿವಿಗೊಟ್ಟು ಕೇಳಿದೆ. ಗೆರೆ ಹೊಡೆದ ಹಾಗೆ ನೆಟ್ಟಗೆ ಹೋಗತ್ತೆ."

ಒಳಬಾಗಿಲಿಗೆ ಒರಗಿದ್ದ ಡ್ರೈವರನ ಮುಖ ಬಾಡಿಹೋಗಿತ್ತು. ಅಪ್ಪನಿಗೆ ಖುಷಿಯಾಗಲೆಂದು ಮಾಡಿಸಿದ ಒಂದೊಂದೂ ಅವನ ಮೇಲೆ ಸಾಕ್ಷಿ ಹೇಳುತ್ತಿತ್ತು. "ಅಕ್ಕಾ, ಮೇಜು ಕೂಡಿಸೋರು ಬಂದು ಎರಡು ದಿನ ರಸಮಟ್ಟ ಇಟ್ಟು ಸಮ ನೋಡಿ ಕೂರಿಸಿದ್ರು" ಎಂದು ಪಿಸುಗುಟ್ಟಿದ. "ಅದರೊಳಗಿನ ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ಕಿವಿ ಕೇಳತ್ತೆ ನನಗೆ" ಎಂದ ಚಿಕ್ಕಪ್ಪ, ಗೋಡೆಯ ಕಡೆಗೆ ತಿರುಗಿ.

ನೀಲಿ ಮುಂದಿನ ಕೋಣೆಗೆ ಹೋದಳು. ಮೇಜು ಮದುಮಗನ ಹಾಗೆ ಮಿರುಗುತ್ತಿತ್ತು. ಬಗ್ಗಿ ಮೂಸಿದಳು. ಗೋಂದಿನ ವಾಸನೆ, ಪಾಲಿಶಿನ ವಾಸನೆ. ಕಣ್ಣು ಮುಚ್ಚಿ ಅಂಚಿನ ಮೇಲೆ ಕೈಯಾಡಿಸಿದಳು. ಎಲ್ಲೂ ತರಚಿಲ್ಲ, ಎಲ್ಲೂ ತಗ್ಗಿಲ್ಲ. ತನಗೇ ಗುರುತು ಸಿಗುತ್ತಿಲ್ಲವಲ್ಲ ಎಂದು ಮತ್ತೊಮ್ಮೆ ಸವರಿದಳು. ತಮ್ಮ ಏನಾದರೂ ನಿಜವಾಗಿಯೂ... ಎಂದು ಒಂದು ಕ್ಷಣ ಅನ್ನಿಸಿ, ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಡ್ರೈವರನ ಹೆಂಡತಿ ನೆಲ ಒರೆಸುತ್ತಿದ್ದಳು. ಬಕೆಟ್ಟಿನ ಅಂಚು ತಾಗಿ ಒಂದಿಷ್ಟು ನೀರು ಚೆಲ್ಲಿತು. "ಅಯ್ಯೋ, ಕಾಲಿಡಬೇಡಿ ಅಕ್ಕ" ಎಂದು ಬಟ್ಟೆ ತರಲು ಒಳಗೆ ಹೋದಳು. ನೀಲಿ ಅಭ್ಯಾಸದಂತೆ ಕಿಟಕಿಯ ಕಡೆಯಿಂದ ಕಾಲು ಹಿಂದೆಗೆದಳು. ನೀರು ಅಲ್ಲಿಗೆ ಬರಲಿಲ್ಲ. ಬಿದ್ದಲ್ಲೇ ರೊಟ್ಟಿಯಂತೆ ದುಂಡಗೆ ಕೂತಿತ್ತು.

ಅವಳು ಆ ನೀರನ್ನೇ ನೋಡುತ್ತ ನಿಂತಳು. ಕಿಟಕಿಯ ಕಡೆಯಿಂದ ಯಾಕೆ ಕಾಲು ತೆಗೆದೆ?

ಮಹಡಿಯ ಕೋಣೆಯಲ್ಲಿ ಬಕೆಟ್ ಎಲ್ಲಿ ಉರುಳಿದರೂ ನೀರು ಕಿಟಕಿಯ ಕೆಳಗಿನ ತೂತಿಗೇ ಓಡುತ್ತಿತ್ತು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದರ ಹಿಂದೆಯೇ ಒರೆಸುವ ಬಟ್ಟೆ ಹಿಡಿದು ಓಡಿದ್ದಳು. ಕಿಟಕಿ ಇದ್ದದ್ದು ಮೇಜಿನ ಎಡಕ್ಕೆ.

"ಲೋ" ಎಂದು ತಮ್ಮನನ್ನು ಕರೆದಳು. "ನಿನ್ನ ಹತ್ರ ಜಾಕ್ ಇದ್ಯಾ, ಬಸ್ಸಿನದು?"

"ಬಸ್ಸಿನದು ಡಿಪೋದಲ್ಲಿದೆ. ಕಾರಿಂದು ಇದೆ. ಯಾಕೆ, ಅಪ್ಪನ್ನ ಎಬ್ಬಿಸೋಕಾ?"

"ಮೇಜು ಎಬ್ಬಿಸೋಕೆ. ತೆಳ್ಳನೆ ಹಲಗೆ ಚೂರು ಒಂದಷ್ಟು ತಗೊಂಡ್ ಬಾ."

ಡ್ರೈವರನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ತಂದ. ಬಲಗಡೆಯ ಕಾಲುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಹಲಗೆ ಸೇರಿಸಿದರು. ನೀಲಿ ಚೆಂಡು ಉರುಳಿಸಿದಳು. ಮೊದಲು ಏನೂ ಆಗಲಿಲ್ಲ. ಇನ್ನೊಂದು ಚೂರು ಹಾಕಿದ ಮೇಲೆ ಜಾಸ್ತಿಯಾಯಿತು, ಚೆಂಡು ಕುಡುಕನಂತೆ ಎಡಕ್ಕೆ ನುಗ್ಗಿತು. ಚೂರು ತೆಗೆದು, ಹಾಕಿ, ಮಂಡಿನೋವನ್ನು ಶಪಿಸಿ, ಮುಕ್ಕಾಲು ಗಂಟೆ ಹೆಣಗಿದರು. ಕೊನೆಗೊಮ್ಮೆ ಚೆಂಡು ಮುಕ್ಕಾಲು ದಾರಿ ನೆಟ್ಟಗೆ ಹೋಗಿ, ಏನೋ ನೆನಪಾದವರಂತೆ ತಡೆದು, ಮೆಲ್ಲಗೆ ಎಡಕ್ಕೆ ವಾಲಿತು. ನಲವತ್ತಮೂರು ವರ್ಷದ ಮೇಲೆ ನೋಡಿದರೂ ಆ ವಾಲುವ ಪರಿ ನೀಲಿಗೆ ತನ್ನ ಅಮ್ಮನ ನಡಿಗೆಯಷ್ಟು ಚೆನ್ನಾಗಿ ಗೊತ್ತಿತ್ತು.

ಚಿಕ್ಕಪ್ಪನನ್ನು ಕೈಹಿಡಿದು ಕರೆತಂದಳು. ಅವನು ಬ್ಯಾಗನ್ನು ಬಿಡಲಿಲ್ಲ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಬಿಳಿ ಚೆಂಡು. ಮೆಲ್ಲಗೆ ತಳ್ಳಿ, ತಲೆ ವಾರೆ ಮಾಡಿ ಕಿವಿಗೊಟ್ಟ. ಚೆಂಡು ಎಡಮೂಲೆಯ ಪಾಕೆಟ್ಟಿನೊಳಗೆ ತೊಪ್ಪೆಂದು ಬಿತ್ತು.

"ಇದೇ" ಎಂದ. "ಇದೇ ನನ್ನ ಮೇಜು. ನಿನ್ನೆವರೆಗೆ ಎಲ್ಲಿ ಬಚ್ಚಿಟ್ಟಿದ್ದ?"

ಇಲ್ಲಿಗೇ ಸುಮ್ಮನಾಗಬಹುದಿತ್ತು. ಮುದುಕನೂ ಉಳಿಯುತ್ತಿದ್ದ, ಬ್ಯಾಗೂ ಒಳಗೆ ಹೋಗುತ್ತಿತ್ತು. ಆದರೆ ಬಾಗಿಲಲ್ಲಿ ತಮ್ಮ ನಿಂತಿದ್ದ, ಕಳ್ಳನೆಂಬ ಹೆಸರು ಹೊತ್ತುಕೊಂಡು. ನೀಲಿ ಚಿಕ್ಕಪ್ಪನ ಕೈಯನ್ನು ಮೇಜಿನ ಕಾಲಿನುದ್ದಕ್ಕೂ ಇಳಿಸಿ, ಮೆಲ್ಲಗೆ ಅವನನ್ನು ಕೂರಿಸಿ, ಅಡಿಯ ಹಲಗೆ ಚೂರುಗಳ ಮೇಲೆ ಆ ಕೈಯನ್ನಿಟ್ಟಳು.

"ಮುಟ್ಟಿ ನೋಡಿ. ಈಗ ತಾನೇ ಇಟ್ಟಿದ್ದು."

ಚಿಕ್ಕಪ್ಪ ಕೈ ಎಳೆದುಕೊಂಡ. "ನೀನೂ ಅವನ ಜೊತೆ ಸೇರ್ಕೊಂಡ್ಯಾ?"

"ಕೇಳಿ. ಮಹಡಿ ಕೋಣೆಯಲ್ಲಿ ನೀರು ಚೆಲ್ಲಿದ್ರೆ ಎಲ್ಲಾ ಕಿಟಕಿ ಕೆಳಗಿನ ತೂತಿಗೆ ಹೋಗ್ತಿತ್ತು. ವಾಲಿದ್ದು ನೆಲ, ಮೇಜಲ್ಲ."

ಚಿಕ್ಕಪ್ಪ ಅಂಗೈಯನ್ನು ನೆಲಕ್ಕೆ ಒತ್ತಿದ. ಆಮೇಲೆ ತನಗೆ ತಾನೇ ಎಂಬಂತೆ, "ಅದು ಮೊದಲು ಬಟ್ಟೆಗೆ ಬಣ್ಣ ಹಾಕೋರ ಕೋಣೆ" ಎಂದ. "ಬಣ್ಣದ ನೀರು ಹರಿದು ಹೋಗಲಿ ಅಂತ ನೆಲನೇ ಇಳಿಜಾರು ಮಾಡಿದ್ರೇನೋ." ಮರುಕ್ಷಣ ಸಿಟ್ಟಿನಿಂದ, "ಗೊತ್ತಿದ್ದೋಳು ಆಗಲೇ ಹೇಳಬಾರದಿತ್ತಾ?"

"ನೀರು ಎತ್ತ ಹೋಗತ್ತೆ ಅಂತ ನೆಲ ಒರೆಸೋಳನ್ನ ಯಾರು ಕೇಳ್ತಾರೆ ಚಿಕ್ಕಪ್ಪ? ಚೆಂಡು ಎತ್ತ ಹೋಗತ್ತೆ ಅಂತಷ್ಟೇ ಕೇಳ್ತಿದ್ರಿ."

ಮುದುಕ ಸುಲಭಕ್ಕೆ ಸೋಲುವವನಲ್ಲ. "ಹಲಗೆ ಇಟ್ರೆ ಯಾವ ಮೇಜಾದ್ರೂ ವಾಲತ್ತೆ. ಇದೇ ನನ್ನದು ಅನ್ನೋಕೆ ಗುರುತೇನು?"

"ಏನೂ ಇಲ್ಲ" ಎಂದಳು ನೀಲಿ. "ನಾನೂ ಹುಡುಕಿದೆ, ಸಿಗಲಿಲ್ಲ. ಆದ್ರೆ ಮೇಜು ಬದಲಾಯಿಸಿದ ಅನ್ನೋಕೆ ನಿಮಗಿದ್ದ ಗುರುತು ಇದೊಂದೇ. ಅದೂ ಈಗ ಹೋಯ್ತು. ಉಳಿದದ್ದು ನಿಮ್ಮ ಮಗನ ಮಾತು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಬ್ಯಾಗು ನಾನೇ ಹೊರ್ತೀನಿ, ಬೇಕಾದ್ರೆ ಹೋಗೋಣ."

ಡ್ರೈವರನ ಹೆಂಡತಿ ಒರೆಸುವ ಬಟ್ಟೆಯನ್ನು ಹಿಂಡುವುದನ್ನೇ ಮರೆತು ಹಿಡಿದಿದ್ದಳು, ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

ಚಿಕ್ಕಪ್ಪ ನೆಲದಲ್ಲಿ ಕೂತೇ ಮೇಜಿನ ಕಾಲನ್ನು ಸವರಿದ. ಪಾಲಿಶಿನ ನುಣುಪು ಅವನ ಬೆರಳಿಗೆ ಇನ್ನೂ ಒಗ್ಗಿರಲಿಲ್ಲ. "ಆ ಕಲ್ಲನ್ನ ಎಷ್ಟು ಜನ ಇಳಿಸಿದ್ರು?" ಎಂದ. ಕೇಳಿದ್ದು ಯಾರನ್ನೆಂದು ಯಾರಿಗೂ ತಿಳಿಯಲಿಲ್ಲ.

"ಎಂಟು ಜನ, ಅಪ್ಪ" ಎಂದ ಡ್ರೈವರ್. "ಮೂರು ತುಂಡು. ಮೆಟ್ಟಿಲ ತಿರುವಿನಲ್ಲಿ ನಾನೂ ಹೆಗಲು ಕೊಟ್ಟೆ."

"ಹೆಗಲು ಕೆತ್ತಿತಾ?"

"ಸ್ವಲ್ಪ."

"ನಂದೂ ಅದೇ ತಿರುವಿನಲ್ಲಿ ಕೆತ್ತಿತ್ತು, ಏರಿಸುವಾಗ." ಅವನು ಕೈ ಚಾಚಿದ. ಮಗ ಹಿಡಿದು ಎಬ್ಬಿಸಿದ. ಎದ್ದು ನಿಂತ ಮೇಲೂ ಮುದುಕ ಕೈ ಬಿಡಲಿಲ್ಲ. ಅಂಗಿಯ ಮೇಲಿಂದಲೇ ಮಗನ ಹೆಗಲು ತಡವಿ, "ಊಟ ಮಾಡಿದ್ಯಾ?" ಎಂದ.

"ಇಲ್ಲಪ್ಪ."

"ಗಂಟೆ ಎಷ್ಟಾಯ್ತು ಅಂತ ಗೊತ್ತಾಗಲ್ವಾ ನಿನಗೆ? ಮೊದಲು ಆ ಹಲಗೆ ತೆಗಿ, ಆಮೇಲೆ ಊಟ. ನಿನ್ನ ಮನೆ ನೆಲ ನೆಟ್ಟಗಿರುವಾಗ ಅದನ್ನ ಯಾಕೆ ಸೊಟ್ಟ ಮಾಡ್ತೀರಿ."

ಹಲಗೆ ತೆಗೆದರು. ಮುದುಕ ನೆಲದಲ್ಲೇ ಬಿಟ್ಟಿದ್ದ ಬ್ಯಾಗನ್ನು ಎತ್ತಿಕೊಂಡ ಡ್ರೈವರನ ಹೆಂಡತಿ, ಎಲ್ಲಿಡುವುದೆಂದು ತಿಳಿಯದೆ ಅದನ್ನು ಕಂಕುಳಲ್ಲೇ ಇರಿಸಿಕೊಂಡಳು. ಚಿಕ್ಕಪ್ಪ ಕುರ್ಚಿ ಎಳೆಸಿಕೊಂಡು ಮೇಜಿನ ಪಕ್ಕ ಕೂತ.

"ನೀಲಿ, ಆವತ್ತಿನ ಆ ಕಪ್ಪು ಚೆಂಡು ಎಲ್ಲಿತ್ತೋ ಅಲ್ಲಿಡು. ನಲವತ್ತು ವರ್ಷ ನಾನು ಮೇಜನ್ನ ಬೈದೆ. ಈಗ ನೋಡಿದ್ರೆ ಸೊಟ್ಟ ಕಲಿಸಿದ್ದು ನಾನು."

"ಬಿಡಿ ಚಿಕ್ಕಪ್ಪ, ಈ ವಯಸ್ಸಲ್ಲಿ..."

"ಇಡು ಅಂದೆ."

ಅವಳು ಇಟ್ಟಳು. ಕೋಲಿನ ತುದಿಗೆ ಚಾಕ್ ಉಜ್ಜಿದಳು. ಗರ್ ಗರ್ ಎಂಬ ಆ ಸದ್ದಿಗೆ ಚಿಕ್ಕಪ್ಪನ ತುಟಿ ಅರಳಿತು. ಸೊಂಟ ಬೇಡ ಬೇಡವೆನ್ನುತ್ತಿದ್ದರೂ ಬಗ್ಗಿದಳು. ಎಡಗೈ ತಾನಾಗಿ ಹಸಿರು ಬಟ್ಟೆಯ ಮೇಲೆ ಹರಡಿಕೊಂಡಿತು, ಹೆಬ್ಬೆರಳಿನ ಸಂದಿಯಲ್ಲಿ ಕೋಲು ತನ್ನ ಜಾಗ ಹುಡುಕಿಕೊಂಡಿತು. ನೇರ, ನೇರ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೊಡೆದಳು.

ಚೆಂಡು ಪಾಕೆಟ್ಟಿನ ತುಟಿಗೆ ಬಡಿದು ನಿಂತಿತು.

ಚೆಂಡು ಬೀಳುವ ಸದ್ದಿಗೆ ಕಿವಿಗೊಟ್ಟಿದ್ದ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಕಾಣದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬಲಕ್ಕೆ ಕೊಟ್ಟೆ ಅಲ್ವಾ?"

"ಕೈ ಕೇಳಲಿಲ್ಲ" ಎಂದು ನೀಲಿಯೂ ನಕ್ಕಳು. ನಗುತ್ತ ಕಣ್ಣೊರೆಸಿಕೊಂಡಾಗ ಬೆರಳಿನ ನೀಲಿ ಕೆನ್ನೆಗೆ ಬಳಿದುಕೊಂಡಿತು, ಅದು ಅವಳಿಗೆ ತಿಳಿಯಲಿಲ್ಲ.

"ಲೋ" ಎಂದು ಚಿಕ್ಕಪ್ಪ ಮಗನನ್ನು ಕೂಗಿದ. "ಚೆಂಡು ತೆಗೆದು ಮತ್ತೆ ಅಲ್ಲೇ ಇಡೋ. ನಿಮ್ಮಕ್ಕ ಇವತ್ತು ಅದನ್ನ ಹಾಕೋವರೆಗೂ ಯಾರಿಗೂ ಊಟ ಇಲ್ಲ."