ಗುರುಪ್ರಕಾಶನಿಗೆ ನಾನು ಏನಾಗಬೇಕು

ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆ. ಎರಡೂ ಕೈ ಅಂಟಂಟು. ಫೋನು ಬಡಿದುಕೊಂಡಿತು. ಸೊಸೆ ಶಿಲ್ಪಾ ತಂದು ನನ್ನ ಕಿವಿಗೆ ಹಿಡಿದಳು.

"ಅಮ್ಮಾ, ಕುಣಿಗಲ್ ಪುರಸಭೆಯಿಂದ. ನಿಮ್ಮ ಕಾಗದ ಇನ್ನೂ ಬರ್ಲಿಲ್ಲ. ಆಹ್ವಾನ ಪತ್ರಿಕೆ ಪ್ರಿಂಟಿಗೆ ಕೊಡ್ಬೇಕು."

"ಕಳಿಸ್ತೀನಪ್ಪ" ಎಂದೆ. ಸಂಕ್ರಾಂತಿಯಿಂದ ಇದನ್ನೇ ಹೇಳುತ್ತಿದ್ದೇನೆ.

ನನ್ನ ತಮ್ಮ ತಿಮ್ಮರಾಜು ಕುಣಿಗಲ್ಲಿನಲ್ಲಿ ಕೌನ್ಸಿಲರ್ ಆಗಿದ್ದ. ತುಂಬಿದ ಸಭೆಯಲ್ಲಿ ಎದ್ದು ನಿಂತು, ತಾನು ಗಂಡಸಿನ ಜೊತೆ ಬಾಳುವವನು, ಅದನ್ನು ಬಚ್ಚಿಡುವುದಿಲ್ಲ ಎಂದಿದ್ದ. ಜನ ಉಗಿಯುತ್ತಾರೆ ಅಂದುಕೊಂಡೆ. ಉಗಿದರು, ಮುಂದಿನ ಸಲ ವೋಟನ್ನೂ ಹಾಕಿದರು. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಾರ್ಕಿನಲ್ಲಿ ಜೋಡಿಯಾಗಿ ಕೂರುವ ಹುಡುಗರನ್ನು ಯಾರಾದರೂ ಓಡಿಸಲು ಬಂದರೆ, ಇವನು ಹೋಗಿ ಅವರ ಪಕ್ಕ ಕಡಲೆಕಾಯಿ ತಿನ್ನುತ್ತಾ ಕೂತುಬಿಡುತ್ತಿದ್ದ. ಆಮೇಲೆ ವಸಂತನರಸಾಪುರದ ಫ್ಯಾಕ್ಟರಿಗಳಿಂದಲೂ ಭಾನುವಾರ ಹುಡುಗರು ಅಲ್ಲಿಗೆ ಬರತೊಡಗಿದರು. ತಿಮ್ಮ ತೀರಿಹೋಗಿ ವರ್ಷವಾಯಿತು. ಈಗ ಆ ಪಾರ್ಕಿಗೆ ಅವನ ಹೆಸರಿಡುತ್ತಾರಂತೆ.

ಫಲಕದ ಪರದೆ ಸರಿಸಲು ಮನೆಯವರೊಬ್ಬರು ಬೇಕು. ಯಾರೆಂದು ಹಿರಿಯಳಾದ ನಾನು ಬರೆದುಕೊಡಬೇಕು. ಹೆಸರು, ತೀರಿಹೋದವರಿಗೆ ಏನಾಗಬೇಕು, ಅಷ್ಟೇ. ಹೆಸರು ಗುರುಪ್ರಕಾಶ್. ತಮ್ಮನ ಜೊತೆ ಒಂದೇ ಮನೆಯಲ್ಲಿ ಬಾಳಿ, ಕೊನೆಗೆ ಬಾಯಿಗೆ ನೀರು ಬಿಟ್ಟವನು. ಏನಾಗಬೇಕು ಎನ್ನುವಲ್ಲಿ ನಿಂತುಬಿಟ್ಟಿದ್ದೆ. ರಾತ್ರಿ ಶಾಲೆಯಲ್ಲಿ ಒತ್ತಕ್ಷರಕ್ಕೂ ನಾನು ಇಷ್ಟು ತಡವರಿಸಿರಲಿಲ್ಲ. ಅದನ್ನು ಬರೆಯದೆ ಬಿಟ್ಟರೆ ದೊಡ್ಡಪ್ಪನ ಮಗ ಕದರಯ್ಯ ಮುಂದೆ ಬರುತ್ತಾನೆ, ಗುರುಪ್ರಕಾಶ್ ಹಿಂದಿನ ಕುರ್ಚಿಗೆ ಹೋಗುತ್ತಾನೆ. ತಮ್ಮ ಬದುಕಿದ್ದಾಗ ಅವನ ಹೊಸ್ತಿಲು ತುಳಿಯದ ಕದರಯ್ಯ ಆಗಲೇ ಹೊಸ ಪಂಚೆ ತಂದಿಟ್ಟಿದ್ದಾನೆ.

"ಪಾರ್ಟ್ನರ್ ಅಂತ ಬರೀರಿ ಅತ್ತೆ" ಎಂದಳು ಶಿಲ್ಪಾ.

"ರೈಸ್‌ಮಿಲ್ ಪಾರ್ಟ್ನರ್ ಅನ್ಕೋತಾರೆ ಕಣೇ."

"ಸಂಗಾತಿ?"

"ಕದರಯ್ಯಂಗೆ ಇಸ್ಪೀಟಿನ ಸಂಗಾತಿಗಳು ಊರ ತುಂಬ ಅವ್ರೆ."

"ಹಂಗಾರೆ ಹೆಂಡ್ತಿ ಅಂತ ಹಾಕಿ!" ಎಂದು ನಕ್ಕಳು.

"ಅವ್ನಿಗೆ ಮೀಸೆ ಐತೆ. ಗಂಡ ಅನ್ನಾಣ ಅಂದ್ರೆ ನಮ್ಮ ತಿಮ್ಮಂಗೂ ಇತ್ತು. ನಂಗೊಂದೂ ತಿಳೀತಿಲ್ಲ ಬುಡು. ಅವ್ನಿಗೇ ಫೋನ್ ಹಚ್ಚು."

ಗುರುಪ್ರಕಾಶ್ ನನ್ನನ್ನು ಯಾವತ್ತೂ ಏನೆಂದೂ ಕರೆದವನಲ್ಲ. "ಕೇಳ್ರಿ", "ನೋಡಿ", ಇಷ್ಟರಲ್ಲೇ ಮಾತು ಮುಗಿಸುತ್ತಿದ್ದ.

"ಸ್ನೇಹಿತ ಅಂತ ಬರ್ದುಬಿಡಿ. ನಾನು ಎಲ್ಲಿ ಕೂತ್ರೇನು" ಎಂದ.

"ಅದಿರ್ಲಿ. ನೀನು ನನ್ನ ಏನಂತ ಕರೀಬೇಕಪ್ಪಾ? ಅದನ್ನ ಹೇಳು."

ಫೋನು ಕಟ್ಟಾಯಿತೇನೋ ಎಂದು ಶಿಲ್ಪಾ ತಿರುಗಿಸಿ ನೋಡಿದಳು.

"ಮನೇಲಿ ನಾವಿಬ್ರೇ ಇದ್ದಾಗ... ನಿಮ್ಮ ಮಾತು ಬಂದ್ರೆ ಅತ್ತಿಗೆ ಅಂತಿದ್ದೆ. ಅವ್ನು ನಗೋನು."

"ಅತ್ತಿಗೇನಾ? ಯಾವ ಕಡೆಯಿಂದಪ್ಪ?"

"ಗಂಡನ ಅಕ್ಕನೂ ಅತ್ತಿಗೇನೇ, ಹೆಂಡ್ತಿ ಅಕ್ಕನೂ ಅತ್ತಿಗೇನೇ. ಯಾವ ಕಡೆಯಿಂದ ಬಂದ್ರೂ ನೀವು ಅತ್ತಿಗೇನೇ ಅಲ್ವಾ?"

ನಾನು ಬಾಯಲ್ಲೇ ಎರಡು ಸಲ ಲೆಕ್ಕ ಹಾಕಿದೆ. ಹೌದಲ್ಲ! ಅವನು ತಿಮ್ಮನಿಗೆ ಏನು ಎಂಬುದಕ್ಕೆ ಮಾತು ಸಿಕ್ಕಿರಲಿಲ್ಲ. ನಾನು ಅವನಿಗೆ ಏನು ಎಂಬುದಕ್ಕೆ ಇತ್ತು.

"ಇನ್ಮೇಲೆ ಜೋರಾಗಿ ಕರಿ" ಎಂದೆ.

"ಹೂಂ... ಅತ್ತಿಗೆ" ಎಂದ. ಆಮೇಲೆ ಮೂಗು ಸೇದಿದ ಸದ್ದು ಕೇಳಿತು.

ಕೈ ತೊಳೆದು ಬರೆಯಲು ಕೂತೆ. "ಪರದೆ ಸರಿಸುವವರು ಗುರುಪ್ರಕಾಶ್. ತಿಮ್ಮರಾಜುವಿನ ಸ್ವಂತ ಅಕ್ಕನಾದ ನಾನು ಇವರಿಗೆ ಅತ್ತಿಗೆ ಆಗಬೇಕು. ಹಾಗೆಯೇ ಅಚ್ಚು ಹಾಕಿಸುವುದು."

ಶಿಲ್ಪಾ ಬಗ್ಗಿ ಓದಿದಳು. "ಅತ್ತೆ, ಅವ್ರು ಕೇಳಿರೋದು ತಿಮ್ಮರಾಜು ಮಾವಂಗೂ ಇವ್ರಿಗೂ ಏನು ಅಂತ."

"ಇದ್ರಿಂದ ಲೆಕ್ಕ ಹಾಕ್ಕೊಳ್ಳಿ ಬುಡು. ನಾನು ಇಷ್ಟು ದಿನ ಹಾಕ್ಲಿಲ್ವಾ?"

ನಮ್ಮೂರು ಗುಬ್ಬಿಯ ಪೋಸ್ಟ್ ಆಫೀಸು ತಲುಪುವವರೆಗೂ ಸರಿಯೋ ತಪ್ಪೋ ಎಂಬ ಗೊಂದಲ ಹೋಗಲಿಲ್ಲ. ಕದರಯ್ಯ ಕೂಗಾಡುತ್ತಾನೆ. ಅಚ್ಚು ಹಾಕುವವನು ತಲೆ ಕೆರೆದುಕೊಳ್ಳುತ್ತಾನೆ. ತಿಮ್ಮ ಇದ್ದಿದ್ದರೆ ಏನನ್ನುತ್ತಿದ್ದನೋ.

"ಸ್ಪೀಡ್ ಪೋಸ್ಟಾ ಅಜ್ಜಿ?" ಎಂದಳು ಕೌಂಟರಿನ ಹುಡುಗಿ.

"ಹೂಂ ಕಣವ್ವ, ಬೇಗ ಹೋಗ್ಲಿ."

ಅವಳು ಸೀಲು ಒತ್ತಿ, ಕವರನ್ನು ಕುಣಿಗಲ್ ಚೀಲಕ್ಕೆ ಹಾಕಿದಳು.